ದೂರವಾಣಿಯ ಲೆಕ್ಕದ ಪುಸ್ತಕ

ಊರು ಬಿಟ್ಟು ಬಂದ ನಮ್ಮಂಥವರಿಗೆ ದೂರವಾಣಿಯೇ ತವರಿನ ಬಾಗಿಲು. ಹಿಂದೆ ಮುಂಬಯಿಯಿಂದ ಧಾರವಾಡಕ್ಕೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬರೆಸಿ ಗಂಟೆಗಟ್ಟಲೆ ಕಾಯಬೇಕಾಗಿತ್ತು. ಯಾರಿಂದ, ಯಾರಿಗೆ, ಎಷ್ಟು ನಿಮಿಷ ಎಂಬುದನ್ನು ಆಪರೇಟರು ಚೀಟಿಯಲ್ಲಿ ಬರೆದಿಡುತ್ತಿದ್ದರು. 1960ರಲ್ಲಿ ಕಾನ್ಪುರ-ಲಖನೌ ನಡುವೆ ಎಸ್.ಟಿ.ಡಿ. ಆರಂಭವಾಯಿತು. ಆಗಿನ ಮೀಟರು ಒಟ್ಟು ಅಂಕೆಯನ್ನಷ್ಟೇ ಏರಿಸುತ್ತಿತ್ತು. ಬಿಲ್ಲು ಹೆಚ್ಚಾದರೆ ಯಾವ ಕರೆಯಿಂದ ಹೆಚ್ಚಾಯಿತೆಂದು ಮನೆಯವರಿಗೆ ತಿಳಿಯುತ್ತಿರಲಿಲ್ಲ.

ಇಂದು ಪ್ರತಿಯೊಂದು ಕರೆಗೂ ಗಣಕಯಂತ್ರವು ಒಂದು ಸಾಲು ಬರೆಯುತ್ತದೆ. ಅದರಲ್ಲಿ ಎರಡೂ ಕಡೆಯ ನಂಬರು, ವೇಳೆ, ಅವಧಿ, ಮೊಬೈಲಾದರೆ ಟವರಿನ ಗುರುತು ಇರುತ್ತವೆ. ಆಡಿದ ಮಾತು ಮಾತ್ರ ಅದರಲ್ಲಿರುವುದಿಲ್ಲ.

ಈ ಸಾಲುಗಳನ್ನು ಇಡುವ ಬಗೆ ಒಂದೇ ಅಲ್ಲ. 1970ರಲ್ಲಿ ಐ.ಬಿ.ಎಂ.ನ ಎಡ್ಗರ್ ಕಾಡ್ ಅವರು ಎಲ್ಲ ಮಾಹಿತಿಯನ್ನೂ ಕೋಷ್ಟಕಗಳಲ್ಲಿಡುವ ಕ್ರಮವನ್ನು ಮಂಡಿಸಿದರು. ಗಿರಾಕಿಗಳ ವಿಳಾಸ ಒಂದು ಕೋಷ್ಟಕದಲ್ಲಿ, ಕರೆಗಳು ಇನ್ನೊಂದರಲ್ಲಿ. ಎರಡನ್ನೂ ಬೆಸೆಯುವುದು ನಂಬರು. ಬಿಲ್ಲು ತಪ್ಪಿಲ್ಲದೆ ಬರಲು ಇದು ಒಳ್ಳೆಯ ಏರ್ಪಾಡು.

ಆದರೆ ಸಾಲುಗಳು ಕೋಟಿಗಟ್ಟಲೆ ಆದಾಗ ಒಟ್ಟು ನಿಮಿಷ ಕೂಡಿಸಲು ಇಡೀ ಪುಸ್ತಕ ತಿರುವಬೇಕೇ? ಬೇಡ. ಎರಡನೆಯ ಬಗೆಯಲ್ಲಿ ಒಂದೊಂದು ಕಂಬಸಾಲನ್ನೂ ಬೇರೆಯಾಗಿ ಇಡುತ್ತಾರೆ. ನಿಮಿಷಗಳ ಕಂಬಸಾಲನ್ನಷ್ಟೇ ಓದಿದರೆ ಸಾಕು. ಒಂದೇ ಜಾತಿಯ ಅಂಕೆಗಳಾದ್ದರಿಂದ ಜಾಗವೂ ಕಡಿಮೆ ಸಾಕು. ಮೂರನೆಯದರಲ್ಲಿ ದಾಖಲೆಗಳನ್ನು ಹಲವು ಯಂತ್ರಗಳಿಗೆ ಹಂಚಿ ಪ್ರತಿಗಳನ್ನಿಡುತ್ತಾರೆ. ಒಂದು ಕೆಟ್ಟರೂ ಲೆಕ್ಕ ಉಳಿಯುತ್ತದೆ. ಅಮೆರಿಕದ ಎ.ಟಿ. ಆಂಡ್ ಟಿ. ಕಂಪನಿಯು ಇಂಥ ಭಾರ ಹೊರಲೆಂದು ಡೇಟೋನಾ ಎಂಬ ತನ್ನದೇ ವ್ಯವಸ್ಥೆಯನ್ನು ಕಟ್ಟಿಕೊಂಡಿತು. 2005ರ ಸುಮಾರಿಗೆ ಅದರಲ್ಲಿ ಲಕ್ಷ ಕೋಟಿಗೂ ಮಿಕ್ಕಿದ ಕರೆಗಳ ದಾಖಲೆಯಿತ್ತು.

ನಮ್ಮ ದೇಶದಲ್ಲಿ ಕರೆ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಇಡಬೇಕೆಂದು ದೂರಸಂಪರ್ಕ ಇಲಾಖೆಯು 2021ರ ಡಿಸೆಂಬರಿನಲ್ಲಿ ವಿಧಿಸಿತು. ಅದಕ್ಕೆ ಮೊದಲು ಒಂದು ವರ್ಷವಿತ್ತು. ಆದ್ದರಿಂದ ಬಿಲ್ಲಿನಲ್ಲಿ ಸಂದೇಹವಿದ್ದವರು ತಡಮಾಡದೆ ವಿವರ ಕೇಳುವುದು ಲೇಸು.

ಮಾತಿಲ್ಲದ ಲೆಕ್ಕದಿಂದ ಏನು ಹಾನಿ ಎನ್ನಬೇಡಿ. ಯಾವ ವೈದ್ಯರಿಗೆ ಎಷ್ಟು ಬಾರಿ ಫೋನು ಮಾಡಿದೆವು, ನಡುರಾತ್ರಿ ಯಾರನ್ನು ಎಬ್ಬಿಸಿದೆವು ಎಂಬುದರಿಂದಲೇ ಮನೆಯ ಕಷ್ಟಸುಖ ಹೊರಬೀಳುತ್ತದೆ. ಪುಸ್ತಕ ಯಾವ ಬಗೆಯದಾದರೂ ಆಗಲಿ, ಅದಕ್ಕೆ ಭದ್ರವಾದ ಬೀಗವಿರಬೇಕು. ಯಾರು ತೆರೆದರೆಂಬ ಲೆಕ್ಕವೂ ಇರಬೇಕು.

ಊರಲ್ಲಿರುವ ತಾಯಿ ನಿನ್ನೆ ಹನ್ನೆರಡು ನಿಮಿಷ ಮಾತನಾಡಿದರೆಂದು ಯಂತ್ರ ಬರೆದುಕೊಂಡಿರುತ್ತದೆ. ಏನು ಹೇಳಿದರೆಂಬುದನ್ನು ನೆನಪಿಡಬೇಕಾದವರು ನಾವೇ.