ಗಾಡಿ ನೆರಳಲ್ಲಿ, ಪ್ಯಾನೆಲ್ ಬಿಸಿಲಲ್ಲಿ

ನೆಲ್ಯಹುದಿಕೇರಿಯ ಕಡೆಯಿಂದ ಕಾವೇರಿಯ ಸೇತುವೆ ದಾಟಿದರೆ ಸಿದ್ದಾಪುರ. ಪೇಟೆ ಮುಗಿಯುತ್ತಿದ್ದಂತೆ ರಸ್ತೆಯ ಎರಡೂ ಬದಿ ಕಾಫಿ ತೋಟ. ಕಾಫಿಯ ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿ, ಬೀಟೆ. ಅವನ್ನು ತಬ್ಬಿಕೊಂಡು ಏರಿದ ಕಾಳುಮೆಣಸಿನ ಬಳ್ಳಿ. ಬೆಳೆಗಾರರು ಈ ಮರಗಳ ಕೊಂಬೆಗಳನ್ನು ವರ್ಷವೂ ಸವರಿಸಿ, ಗಿಡಕ್ಕೆ ಎಷ್ಟು ಬಿಸಿಲು ಬೀಳಬೇಕೋ ಅಷ್ಟನ್ನೇ ಒಳಗೆ ಬಿಡುತ್ತಾರೆ. ಕಾರಿನ ಹಿಂದೆ ಟ್ರೇಲರ್ ಕಟ್ಟಿಕೊಂಡೋ ಮಲಗುವ ಸೌಕರ್ಯವಿರುವ ವ್ಯಾನಿನಲ್ಲೋ ಕೊಡಗಿಗೆ ಬರುವವರಿಗೆ ಇಂಥ ನೆರಳು ಬಲು ಇಷ್ಟ. ಆದರೆ ಆ ಗಾಡಿಯ ಚಾವಣಿ ಮೇಲಿರುವ ಸೋಲಾರ್ ಪ್ಯಾನೆಲ್‌ಗೆ ಇದೇ ನೆರಳು ದೊಡ್ಡ ತೊಡಕು.

ಇಂಥ ಗಾಡಿಗಳಲ್ಲಿ ಸುತ್ತುವ ಕ್ಯಾರವಾನ್ ಪ್ರವಾಸ ದಕ್ಷಿಣದ ರಾಜ್ಯಗಳಲ್ಲಿ ಈಗ ಸರ್ಕಾರಿ ನೀತಿಯ ಮಾತಾಗಿದೆ. ಕರ್ನಾಟಕದ 2020–26ರ ಪ್ರವಾಸೋದ್ಯಮ ನೀತಿಯಲ್ಲಿ ಅದಕ್ಕೆ ಜಾಗ ಸಿಕ್ಕಿತು. ನೆರೆಯ ಕೇರಳ 2021ರಲ್ಲಿ ‘ಕ್ಯಾರವಾನ್ ಕೇರಳ’ ಯೋಜನೆಯನ್ನು ಸಾರಿ, ಮರುವರ್ಷ ಇಡುಕ್ಕಿಯ ವಾಗಮಣ್‌ನಲ್ಲಿ ತನ್ನ ಮೊದಲ ಕ್ಯಾರವಾನ್ ಪಾರ್ಕ್ ತೆರೆಯಿತು. ಪಾರ್ಕಿನಲ್ಲಿ ಕರೆಂಟ್ ಸಂಪರ್ಕ ಸಿಗುತ್ತದೆ. ತೋಟದ ಅಂಚಿನಲ್ಲೋ ಹೋಮ್‌ಸ್ಟೇಯ ಹಿತ್ತಲಿನಲ್ಲೋ ಗಾಡಿ ನಿಲ್ಲಿಸಿದವರಿಗೆ ಒಳಗಿರುವ 12 ವೋಲ್ಟ್ ಬ್ಯಾಟರಿಯೇ ಗತಿ. ಎರಡು ರಾತ್ರಿ ದೀಪ, ಫ್ಯಾನು, ನೀರಿನ ಪಂಪು ನಡೆದರೆ ಅದೂ ಬರಿದಾಗಬಹುದು.

ಇಂಥಲ್ಲಿ ನೆರವಿಗೆ ಬರುವುದು ಮಡಚಿ ಒಯ್ಯಬಹುದಾದ ಪ್ಯಾನೆಲ್. ಗಾಡಿ ಮರದಡಿ ತಂಪಾಗಿ ನಿಲ್ಲುತ್ತದೆ. ಪ್ಯಾನೆಲ್ ಉದ್ದನೆಯ ವಯರ್ ಹಿಡಿದು ಬಿಸಿಲಿರುವಲ್ಲಿಗೆ ಹೋಗುತ್ತದೆ. ಸಿದ್ದಾಪುರದ ಸುತ್ತಲ ತೋಟಗಳಲ್ಲಿ ಬಿಸಿಲು ಬೀಳುವ ಬಯಲೆಂದರೆ ಹೆಚ್ಚಾಗಿ ಕಾಫಿ ಒಣಗಿಸುವ ಕಣ. ರೊಬಸ್ಟಾ ಕೊಯ್ಲು ನಡೆಯುವ ಜನವರಿಯಿಂದ ಮಾರ್ಚ್‌ವರೆಗೆ ಕಣದ ತುಂಬ ಕಾಫಿ ಹರಡಿರುತ್ತದೆ. ಏಪ್ರಿಲ್, ಮೇ ರಜೆಯಲ್ಲಿ ಪ್ರವಾಸಿಗರು ಬರುವ ಹೊತ್ತಿಗೆ ಅದು ಖಾಲಿಯಾಗಿರುತ್ತದೆ. ತೋಟದವರನ್ನು ಕೇಳಿ ಅದರ ಒಂದು ಮೂಲೆ ಪಡೆದರೆ ದಿನವಿಡೀ ಬಿಸಿಲು ಸಿಗುತ್ತದೆ.

ಪ್ಯಾನೆಲ್‌ನಿಂದ ಬ್ಯಾಟರಿ ತುಂಬಿಸುವ ಈ ಜೋಡಣೆ ಕೊಡಗಿಗೆ ಹೊಸದಲ್ಲ. ಮಾಲ್ದಾರೆ, ದುಬಾರೆ ಕಾಡುಗಳ ಅಂಚಿನ ತೋಟಗಳಲ್ಲಿ ಆನೆ ತಡೆಯಲು ಹಾಕಿದ ಸೋಲಾರ್ ಬೇಲಿಯ ಮೂಲವೂ ಇದೇ. ಒಂದು ಪ್ಯಾನೆಲ್ ಹಗಲಿನಲ್ಲಿ 12 ವೋಲ್ಟ್ ಬ್ಯಾಟರಿ ತುಂಬಿಸುತ್ತದೆ. ಎನರ್ಜೈಸರ್ ಎಂಬ ಪೆಟ್ಟಿಗೆ ಆ ಬ್ಯಾಟರಿಯಿಂದ ಕರೆಂಟ್ ಪಡೆದು, ಸುಮಾರು ಸೆಕೆಂಡಿಗೊಮ್ಮೆ ಹಲವು ಸಾವಿರ ವೋಲ್ಟಿನ ಕ್ಷಣಿಕ ಹೊಡೆತವನ್ನು ತಂತಿಗೆ ಕಳುಹಿಸುತ್ತದೆ. ಬ್ಯಾಟರಿ ಏಕೆ ಸೊರಗುತ್ತದೆ, ಟರ್ಮಿನಲ್‌ನಲ್ಲಿ ಬಿಳಿ ಪುಡಿ ಕಟ್ಟಿದರೆ ಏನಾಗುತ್ತದೆ ಎಂಬುದು ಬೇಲಿ ನೋಡಿಕೊಳ್ಳುವವರಿಗೆ ಚೆನ್ನಾಗಿ ಗೊತ್ತು.

ಮನೆಯ ಸೋಲಾರ್ ದೀಪದ ಕಥೆಯೂ ಹಳೆಯದೇ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಬೆಂಗಳೂರಿನಲ್ಲಿ ಆರಂಭಿಸಿದ ಸೆಲ್ಕೊ, ಬ್ಯಾಂಕ್ ಸಾಲದ ನೆರವಿನೊಂದಿಗೆ ಕರ್ನಾಟಕದ ಹಳ್ಳಿ ಮನೆಗಳಿಗೆ ಮುಟ್ಟಿಸಿದ್ದು ಇದೇ ಕೂಟವನ್ನು: ಪ್ಯಾನೆಲ್, ಚಾರ್ಜ್ ಕಂಟ್ರೋಲರ್, ಬ್ಯಾಟರಿ, ನಾಲ್ಕಾರು ದೀಪ. ಆ ಕೆಲಸಕ್ಕಾಗಿ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕ್ಯಾರವಾನಿನ ಸೋಲಾರ್ ಎಂದರೆ ಈ ಮನೆದೀಪದ ವ್ಯವಸ್ಥೆಗೆ ಚಕ್ರ ಬಂದಂತೆಯೇ. ಅದೇ ಭಾಗಗಳು, ಅದೇ ನಿಯಮಗಳು.

ಮೊದಲು ಖರ್ಚಿನ ಲೆಕ್ಕ. ಐದು ವ್ಯಾಟಿನ ನಾಲ್ಕು ಎಲ್‌ಇಡಿ ದೀಪ ಐದು ಗಂಟೆ ಉರಿದರೆ 100 ವ್ಯಾಟ್-ಅವರ್. 15 ವ್ಯಾಟಿನ ಫ್ಯಾನು ರಾತ್ರಿ ಎಂಟು ಗಂಟೆ ತಿರುಗಿದರೆ 120. ಎರಡು ಮೊಬೈಲಿಗೆ 30, ನೀರಿನ ಪಂಪಿಗೆ 20 ಎಂದು ಹಿಡಿದರೆ ದಿನದ ಒಟ್ಟು 270. ಕಂಪ್ರೆಸರ್ ಇರುವ ಚಿಕ್ಕ 12 ವೋಲ್ಟ್ ಫ್ರಿಜ್ ಸೇರಿದರೆ ಇನ್ನೂ 350ರ ಆಸುಪಾಸು ಏರುತ್ತದೆ.

ಇನ್ನು ಗಳಿಕೆ. ಬೇಸಿಗೆಯ ಒಳ್ಳೆಯ ದಿನದಲ್ಲಿ ಸುಮಾರು ಐದು ಗಂಟೆಯ ಪೂರ್ಣ ಬಿಸಿಲು ಸಿಕ್ಕಿತೆಂದರೆ 100 ವ್ಯಾಟಿನ ಪ್ಯಾನೆಲ್ ಕಾಗದದ ಮೇಲೆ 500 ವ್ಯಾಟ್-ಅವರ್ ಕೊಡಬೇಕು. ಶಾಖ, ಧೂಳು, ವಯರಿನ ನಷ್ಟ ಕಳೆದು ಬ್ಯಾಟರಿ ಸೇರುವುದು 350ರಷ್ಟು. ಫ್ರಿಜ್ ಇಲ್ಲದ ಗಾಡಿಗೆ ಇದು ಸಾಕು. ಫ್ರಿಜ್ ಇದ್ದರೆ 200 ವ್ಯಾಟ್ ಬೇಕು. 100 ಆಂಪಿಯರ್-ಅವರ್‌ನ ಲೆಡ್-ಆಸಿಡ್ ಬ್ಯಾಟರಿಯಲ್ಲಿ 1200 ವ್ಯಾಟ್-ಅವರ್ ಇದ್ದರೂ, ಅದರ ಆಯುಸ್ಸು ಉಳಿಯಬೇಕೆಂದರೆ ಅರ್ಧವನ್ನಷ್ಟೇ ಬಳಸಬೇಕು. ಅಷ್ಟೇ ಅಳತೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇ 80ಕ್ಕಿಂತ ಹೆಚ್ಚು ಬಳಕೆಗೆ ಸಿಗುತ್ತದೆ.

ಇಷ್ಟು ತಿಳಿದ ಮೇಲೆ ಜೋಡಣೆ. ಇಲ್ಲಿನ ಮೊದಲ ನಿಯಮವನ್ನು ಮುರಿಯಲೇಬಾರದು: ಪ್ಯಾನೆಲ್ ಅನ್ನು ನೇರವಾಗಿ ಬ್ಯಾಟರಿಗೆ ಕಟ್ಟಬಾರದು.

‘12 ವೋಲ್ಟ್ ಪ್ಯಾನೆಲ್’ ಎಂದು ಕರೆದರೂ ಅದು ಕೆಲಸ ಮಾಡುವುದು ಸುಮಾರು 18 ವೋಲ್ಟಿನಲ್ಲಿ. ಏನನ್ನೂ ಜೋಡಿಸದೆ ಬಿಸಿಲಿಗಿಟ್ಟರೆ 22 ವೋಲ್ಟಿನ ಹತ್ತಿರ ತೋರಿಸುತ್ತದೆ. ಲೆಡ್-ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಸುಮಾರು 14.4 ವೋಲ್ಟ್ ದಾಟಬಾರದು. ದಾಟಿದರೆ ಒಳಗಿನ ನೀರು ಒಡೆದು ಹೈಡ್ರೋಜನ್ ಅನಿಲ ಏಳುತ್ತದೆ, ತಟ್ಟೆಗಳು ಹಾಳಾಗುತ್ತವೆ. ಪ್ಯಾನೆಲ್ ಮತ್ತು ಬ್ಯಾಟರಿಯ ನಡುವೆ ನಿಂತು ಇದನ್ನು ಕಾಯುವುದು ಚಾರ್ಜ್ ಕಂಟ್ರೋಲರ್.

ಕಂಟ್ರೋಲರ್‌ಗಳಲ್ಲಿ ಎರಡು ಬಗೆ. ಪಿಡಬ್ಲ್ಯುಎಂ ಅಗ್ಗ, ಸರಳ. ಅದು ಪ್ಯಾನೆಲ್ ವೋಲ್ಟನ್ನು ಬ್ಯಾಟರಿಯ ಮಟ್ಟಕ್ಕೆ ಎಳೆದುಬಿಡುವುದರಿಂದ, 5.5 ಆಂಪಿಯರ್ ಕೊಡುವ 100 ವ್ಯಾಟ್ ಪ್ಯಾನೆಲ್‌ನಿಂದ 13 ವೋಲ್ಟ್ ಬ್ಯಾಟರಿಗೆ ಸೇರುವುದು 70 ವ್ಯಾಟಿನಷ್ಟೇ. ಎಂಪಿಪಿಟಿ ಬಗೆಯದು ಹೆಚ್ಚಿನ ವೋಲ್ಟನ್ನು ಹೆಚ್ಚಿನ ಆಂಪಿಯರ್ ಆಗಿ ಮಾರ್ಪಡಿಸಿ, ಪ್ಯಾನೆಲ್ ಕೊಡುವುದರಲ್ಲಿ ಬಹುಪಾಲನ್ನು ಬ್ಯಾಟರಿಗೆ ಮುಟ್ಟಿಸುತ್ತದೆ. ಬೆಲೆ ಹೆಚ್ಚು. ಮೋಡ, ನೆರಳು ಎರಡೂ ಇರುವ ಕೊಡಗಿನಂಥ ಜಾಗದಲ್ಲಿ ಆ ಹಣ ವ್ಯರ್ಥವಾಗುವುದಿಲ್ಲ. ಯಾವುದೇ ಆಗಲಿ, ಬ್ಯಾಟರಿ ಲೆಡ್-ಆಸಿಡ್ಡೋ ಜೆಲ್ಲೋ ಲಿಥಿಯಮ್ಮೋ ಎಂಬುದನ್ನು ಮೊದಲೇ ಅದರಲ್ಲಿ ಹೊಂದಿಸಿಡಬೇಕು.

ಪೆಟ್ಟಿಗೆಯಂತೆ ಮಡಚುವ ಹಲವು ಪ್ಯಾನೆಲ್‌ಗಳ ಬೆನ್ನಿಗೆ ಕಂಟ್ರೋಲರ್ ಅಂಟಿಕೊಂಡೇ ಬರುತ್ತದೆ. ಗಾಡಿಯ ಮಗ್ಗುಲಲ್ಲಿರುವ ಸೋಲಾರ್ ಸಾಕೆಟ್ ಒಳಗಿನ ಇನ್ನೊಂದು ಕಂಟ್ರೋಲರ್‌ಗೆ ಹೋಗಿರಬಹುದು. ಒಂದರ ಹಿಂದೊಂದು ಎರಡು ಕಂಟ್ರೋಲರ್ ಕೂತರೆ ಎರಡೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಒಂದು ಪ್ಯಾನೆಲ್‌ನಿಂದ ಬ್ಯಾಟರಿಯವರೆಗಿನ ದಾರಿಯಲ್ಲಿ ಒಂದೇ ಇರಬೇಕು. ಚಾವಣಿಯ ಪ್ಯಾನೆಲ್ ತನ್ನ ಕಂಟ್ರೋಲರ್ ಮೂಲಕ, ನೆಲದ ಪ್ಯಾನೆಲ್ ಬೇರೊಂದರ ಮೂಲಕ ಒಂದೇ ಬ್ಯಾಟರಿಗೆ ಬಂದು ಸೇರಿದರೆ ತೊಂದರೆಯಿಲ್ಲ. ಸಾಕೆಟ್ಟಿನ ಪ್ಲಸ್-ಮೈನಸ್ ಕೂಡ ಎಲ್ಲ ಗಾಡಿಯಲ್ಲೂ ಒಂದೇ ರೀತಿ ಇರುವುದಿಲ್ಲ. ಪ್ಲಗ್ ಸರಾಗವಾಗಿ ಕೂತಿತೆಂದು ನಂಬದೆ ಮಲ್ಟಿಮೀಟರ್ ಹಿಡಿದು ನೋಡಿಯೇ ಸೇರಿಸಬೇಕು.

ಪ್ಯಾನೆಲ್ ದೂರ ಹೋದಷ್ಟೂ ವಯರಿನ ದಪ್ಪ ಮುಖ್ಯವಾಗುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್‌ನಲ್ಲಿ ನೀರು ಹಾಯಿಸುವವರು ಕಾಣುವುದೂ ಇದನ್ನೇ: ಸಪೂರ ಪೈಪು ಉದ್ದವಾದಷ್ಟೂ ತುದಿಯಲ್ಲಿ ನೀರಿನ ಒತ್ತಡ ಕುಗ್ಗುತ್ತದೆ. 15 ಮೀಟರ್ ದೂರವೆಂದರೆ ಕರೆಂಟ್ ಹೋಗಿ ಬರುವ ದಾರಿ 30 ಮೀಟರ್. 1.5 ಸ್ಕ್ವೇರ್ ಎಂಎಂ ತಾಮ್ರದ ವಯರಿನಲ್ಲಿ 5.5 ಆಂಪಿಯರ್ ಹರಿದರೆ ಸುಮಾರು 2 ವೋಲ್ಟ್ ದಾರಿಯಲ್ಲೇ ಕರಗುತ್ತದೆ. 4 ಸ್ಕ್ವೇರ್ ಎಂಎಂ ಆದರೆ ನಷ್ಟ ಮುಕ್ಕಾಲು ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ.

ಈ ನಷ್ಟ ಯಾವ ಕಡೆ ಆಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕಂಟ್ರೋಲರ್ ಬ್ಯಾಟರಿಯ ಪಕ್ಕದಲ್ಲಿದ್ದು ಉದ್ದನೆಯ ವಯರ್ ಪ್ಯಾನೆಲ್ ಕಡೆಗಿದ್ದರೆ, 18 ವೋಲ್ಟಿನಲ್ಲಿ ಒಂದಿಷ್ಟು ಹೋದರೂ ಬ್ಯಾಟರಿ ತುಂಬಲು ಬೇಕಾದಷ್ಟು ಉಳಿದಿರುತ್ತದೆ. ಕಂಟ್ರೋಲರ್ ಪ್ಯಾನೆಲ್ ಬೆನ್ನಿಗಿದ್ದು ಉದ್ದನೆಯ ವಯರ್ ಬ್ಯಾಟರಿ ಕಡೆಗಿದ್ದರೆ, ತನ್ನ ಬಳಿ 14.4 ವೋಲ್ಟ್ ಕಂಡ ಕಂಟ್ರೋಲರ್ ಬ್ಯಾಟರಿ ತುಂಬುತ್ತಾ ಬಂತೆಂದು ಕರೆಂಟ್ ತಗ್ಗಿಸತೊಡಗುತ್ತದೆ. ಆ ಹೊತ್ತಿಗೆ ಬ್ಯಾಟರಿಗೆ ಮುಟ್ಟುತ್ತಿರುವುದು 13.6 ಮಾತ್ರ. ದಿನಗಟ್ಟಲೆ ಪ್ಯಾನೆಲ್ ಹರಡಿಟ್ಟರೂ ಬ್ಯಾಟರಿ ತುಂಬುತ್ತಿಲ್ಲ ಎಂಬ ದೂರಿಗೆ ಇದು ಸಾಮಾನ್ಯ ಕಾರಣ.

ಬ್ಯಾಟರಿಯ ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು. ಪ್ಯಾನೆಲ್ ಶಾರ್ಟ್ ಆದರೆ ಆರು ಆಂಪಿಯರ್‌ನಷ್ಟೇ ಹರಿದೀತು. ಬ್ಯಾಟರಿಯ ಕಡೆ ಶಾರ್ಟ್ ಆದರೆ ನೂರಾರು ಆಂಪಿಯರ್ ನುಗ್ಗಿ ವಯರ್ ಕೆಂಪಗೆ ಕಾಯುತ್ತದೆ. ಮರದ ಹಲಗೆ, ಹಾಸಿಗೆ, ಪರದೆಗಳಿರುವ ಪುಟ್ಟ ಕೋಣೆಯಲ್ಲಿ ಇದು ಜೀವಕ್ಕೇ ಅಪಾಯ. 100 ವ್ಯಾಟ್ ಪ್ಯಾನೆಲ್‌ಗೆ 10 ಆಂಪಿಯರ್ ಫ್ಯೂಸ್ ಸರಿಹೋಗುತ್ತದೆ.

ಜೋಡಿಸಲೂ ಒಂದು ಕ್ರಮವಿದೆ. ಮೊದಲು ಬ್ಯಾಟರಿಯನ್ನು ಕಂಟ್ರೋಲರ್‌ಗೆ, ಆಮೇಲೆ ಪ್ಯಾನೆಲ್ ಅನ್ನು ಕಂಟ್ರೋಲರ್‌ಗೆ. ಬಿಚ್ಚುವಾಗ ಪ್ಯಾನೆಲ್ ಮೊದಲು, ಬ್ಯಾಟರಿ ಕೊನೆಗೆ. ವ್ಯವಸ್ಥೆ 12 ವೋಲ್ಟಿನದೋ 24 ವೋಲ್ಟಿನದೋ ಎಂಬುದನ್ನು ಅನೇಕ ಕಂಟ್ರೋಲರ್‌ಗಳು ಬ್ಯಾಟರಿ ನೋಡಿಯೇ ತಿಳಿಯುತ್ತವೆ; ಬ್ಯಾಟರಿ ಇಲ್ಲದೆ ಪ್ಯಾನೆಲ್ ಸೇರಿಸಿದರೆ ಕೆಲವು ಸುಟ್ಟೇ ಹೋಗುತ್ತವೆ. ಕೈಯಲ್ಲಿ ಕೆಲಸ ನಡೆಯುವಾಗ ಪ್ಯಾನೆಲ್ ಮೇಲೆ ದಪ್ಪ ಬಟ್ಟೆ ಹೊದಿಸಿದರೆ ಕಿಡಿ ಹಾರುವ ಭಯವಿಲ್ಲ. ಬ್ಯಾಟರಿ ಮಾನಿಟರ್ ಇರುವ ಗಾಡಿಯಲ್ಲಿ ಸೋಲಾರ್‌ನ ಮೈನಸ್ ವಯರನ್ನು ನೇರ ಬ್ಯಾಟರಿಗೆ ಕೊಡದೆ, ಶಂಟ್ ಎಂಬ ಅಳತೆಯ ಪಟ್ಟಿಯ ಆಚೆ ಬದಿಗೆ, ದೀಪ-ಫ್ಯಾನುಗಳ ಮೈನಸ್ ಸೇರುವಲ್ಲಿ ಕೊಡಬೇಕು. ಇಲ್ಲವಾದರೆ ಒಳಬಂದ ಕರೆಂಟ್ ಮಾನಿಟರಿನ ಲೆಕ್ಕಕ್ಕೆ ಸೇರುವುದೇ ಇಲ್ಲ.

ಮನೆಯ ಯುಪಿಎಸ್‌ನ ಟ್ಯೂಬುಲರ್ ಬ್ಯಾಟರಿಯನ್ನೇ ಗಾಡಿಗೆ ಹೊತ್ತು ತರುವ ಯೋಚನೆ ಕೆಲವರಿಗೆ ಬರುತ್ತದೆ. ಅದರ ಒಳಗಿರುವುದು ಆಸಿಡ್ ದ್ರವ. ತಿರುವುಗಳ ದಾರಿಯಲ್ಲಿ ತುಳುಕಬಹುದು, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಮಲಗುವ ಜಾಗದಲ್ಲಿ ಅದನ್ನು ಇಡಲೇಕೂಡದು. ಗಾಳಿಯಾಡುವ ಬೇರೆ ಪೆಟ್ಟಿಗೆ ಇಲ್ಲದಿದ್ದರೆ ಮುಚ್ಚಿದ ಜೆಲ್ ಅಥವಾ ಲಿಥಿಯಂ ಬ್ಯಾಟರಿಯೇ ಕ್ಷೇಮ.

ಕಣದಲ್ಲಿ ಪ್ಯಾನೆಲ್ ಇಡುವುದಕ್ಕೂ ತಿಳಿವಳಿಕೆ ಬೇಕು. ಸಿದ್ದಾಪುರ ಇರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನ ನಡುಹಗಲಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ಪ್ಯಾನೆಲ್ ಅನ್ನು ದಕ್ಷಿಣಕ್ಕೆ ಮುಖ ಮಾಡಿ 35 ಡಿಗ್ರಿಯಷ್ಟು ಎತ್ತಬೇಕು. ಏಪ್ರಿಲ್ ಕೊನೆಯ ಹೊತ್ತಿಗೆ ಅವನು ನೆತ್ತಿಯ ಮೇಲೆ ಬರುತ್ತಾನೆ, ಹೆಚ್ಚುಕಡಿಮೆ ಮಟ್ಟಸವಾಗಿಟ್ಟರೆ ಸಾಕು. ಬೆಳಿಗ್ಗೆ ಪೂರ್ವಕ್ಕೂ ಸಂಜೆ ಪಶ್ಚಿಮಕ್ಕೂ ತಿರುಗಿಸಿಡುವ ಅನುಕೂಲ ಚಾವಣಿಗೆ ಬಿಗಿದ ಪ್ಯಾನೆಲ್‌ಗೆ ಇಲ್ಲ. ಇನ್ನು ಶಾಖ: 25 ಡಿಗ್ರಿ ಸೆಲ್ಸಿಯಸ್ ಮೀರಿದ ಪ್ರತಿ ಡಿಗ್ರಿಗೂ ಪ್ಯಾನೆಲ್ ಶೇ 0.4ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಕಾದ ಕಣದ ಸಿಮೆಂಟಿಗೆ ಒರಗಿಸದೆ, ಕೆಳಗೆ ಗಾಳಿ ಹಾಯುವಂತೆ ಕಾಲು ಕೊಟ್ಟು ನಿಲ್ಲಿಸಬೇಕು. ಅಂಗೈಯಷ್ಟು ನೆರಳೂ ಲೆಕ್ಕಕ್ಕೆ ಬರುತ್ತದೆ. ಕೋಶಗಳನ್ನು ಸರಪಳಿಯಾಗಿ ಜೋಡಿಸಿರುವುದರಿಂದ ಒಂದು ಕೋಶಕ್ಕೆ ಎಲೆ ಅಡ್ಡ ಬಂದರೆ ಪ್ಯಾನೆಲ್‌ನ ಅರ್ಧ ಭಾಗವೇ ಸುಮ್ಮನಾಗಬಹುದು. ಎರಡು ಪ್ಯಾನೆಲ್ ಇದ್ದರೆ ಪ್ಯಾರಲಲ್ ಆಗಿ ಸೇರಿಸುವುದು ಲೇಸು. ಒಂದಕ್ಕೆ ನೆರಳು ಬಿದ್ದರೂ ಇನ್ನೊಂದು ದುಡಿಯುತ್ತಿರುತ್ತದೆ.

ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು ಮಳೆ ಗಾಳಿಯೊಂದಿಗೆ ಬರುತ್ತದೆ. ಮೋಡ ಕಟ್ಟಿದ ಕೂಡಲೇ ಪ್ಯಾನೆಲ್ ಮಡಚಿ ಒಳಗಿಡಬೇಕು. ಕತ್ತಲಾದ ಮೇಲೆ ತೋಟದಲ್ಲಿ ವಯರ್ ಸುತ್ತುತ್ತ ಓಡಾಡುವುದು ಆನೆ ಸಂಚಾರದ ಈ ಸೀಮೆಯಲ್ಲಿ ಪ್ರಾಣದ ಮಾತು. ಆ ಕೆಲಸ ಹಗಲಿರುವಾಗಲೇ ಮುಗಿಯಬೇಕು.

ಮಳೆಗಾಲದಲ್ಲಿ ಗಳಿಕೆ ಸೊರಗುತ್ತದೆ. ದಟ್ಟ ಮೋಡದಡಿ ಪ್ಯಾನೆಲ್ ಕೊಡುವುದು ಅದರ ಶಕ್ತಿಯ ಹತ್ತನೇ ಒಂದು ಪಾಲಿನಿಂದ ಕಾಲು ಪಾಲಿನವರೆಗೆ. ಆದರೂ ಈ ಸಲಕರಣೆಯನ್ನು ಅಟ್ಟಕ್ಕೆ ಹಾಕಬೇಕಿಲ್ಲ. ಮರ ಉರುಳಿ ಲೈನ್ ಹರಿದು ದಿನಗಟ್ಟಲೆ ಕರೆಂಟ್ ಇಲ್ಲದಿರುವುದು ಕೊಡಗಿನ ಮನೆಗಳಿಗೆ ಹೊಸತಲ್ಲ. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಸಿದ್ದಾಪುರದ ಬಳಿಯ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಗಳಲ್ಲಿ ಮನೆಗಳೇ ಹೋದವು. ಅಂಥ ದಿನಗಳಲ್ಲಿ ತುಂಬಿದ ಒಂದು 12 ವೋಲ್ಟ್ ಬ್ಯಾಟರಿ, ಎರಡು ಎಲ್‌ಇಡಿ ದೀಪ ಮತ್ತು ಒಂದು ಮೊಬೈಲ್ ಚಾರ್ಜರ್ ಇಡೀ ಮನೆಯನ್ನು ಹೊರಗಿನವರ ಸಂಪರ್ಕದಲ್ಲಿ ಇಡಬಲ್ಲವು.

ಹೊಸದಾಗಿ ಕೊಂಡವರು ಪ್ರವಾಸಕ್ಕೆ ಹೊರಡುವ ಮುನ್ನ ಮನೆಯಂಗಳದಲ್ಲೇ ಒಂದು ದಿನ ಎಲ್ಲವನ್ನೂ ಜೋಡಿಸಿ ನೋಡುವುದು ಒಳ್ಳೆಯದು. ಬೆಳಿಗ್ಗೆ ಪ್ಯಾನೆಲ್ ಸೇರಿಸುವ ಮುನ್ನ, ಸಂಜೆ ಪ್ಯಾನೆಲ್ ಬಿಚ್ಚಿ ಎರಡು ಗಂಟೆ ಬಿಟ್ಟು, ಮಲ್ಟಿಮೀಟರಿನಲ್ಲಿ ವೋಲ್ಟ್ ಬರೆದಿಟ್ಟುಕೊಳ್ಳಬೇಕು. ಲೆಡ್-ಆಸಿಡ್ ಬ್ಯಾಟರಿ ತುಂಬಿದ್ದರೆ 12.7ರ ಹತ್ತಿರ, ಅರ್ಧವಿದ್ದರೆ 12.2ರ ಹತ್ತಿರ ತೋರಿಸುತ್ತದೆ. ಲಿಥಿಯಮ್ಮಿನಲ್ಲಿ ವೋಲ್ಟ್ ಹೆಚ್ಚು ಏರಿಳಿಯದ ಕಾರಣ ಬ್ಯಾಟರಿ ಮಾನಿಟರ್ ನೋಡುವುದೇ ಸರಿ. ಇಡೀ ದಿನ ಬಿಸಿಲಿದ್ದೂ ಅಂಕಿ ಮೇಲೇರದಿದ್ದರೆ ಹುಡುಕಬೇಕಾದ ಜಾಗಗಳು ನಾಲ್ಕು: ಸಡಿಲವಾದ ಕನೆಕ್ಟರ್, ಸುಟ್ಟ ಫ್ಯೂಸ್, ಸಪೂರ ವಯರ್, ಒಂದರ ಹಿಂದೆ ಕೂತ ಎರಡನೇ ಕಂಟ್ರೋಲರ್. ನಾಲ್ಕೂ ಸರಿಯಿದ್ದರೆ ಬ್ಯಾಟರಿಯನ್ನೇ ಅಂಗಡಿಗೆ ಒಯ್ದು ಲೋಡ್ ಟೆಸ್ಟ್ ಮಾಡಿಸಬೇಕು.