ಕೋಲು ತೆಗೆದ ಮೇಲೂ ತಿರುಗುವ ಚಕ್ರ

ಕುಂಬಾರ ತಿಗರಿಯ ಗುಳಿಗೆ ಕೋಲಿನ ತುದಿ ಸಿಕ್ಕಿಸಿ ನಾಲ್ಕಾರು ಬಾರಿ ರಭಸದಿಂದ ತಿರುಗಿಸುತ್ತಾನೆ. ಅನಂತರ ಕೋಲನ್ನು ಪಕ್ಕಕ್ಕಿಟ್ಟು ಎರಡೂ ಕೈಗಳಿಂದ ಮಣ್ಣಿನ ಮುದ್ದೆಯನ್ನು ಹಿಡಿಯುತ್ತಾನೆ. ಈಗ ಚಕ್ರವನ್ನು ತಿರುಗಿಸುವವರು ಯಾರೂ ಇಲ್ಲ. ಆದರೂ ಅದು ತಿರುಗುತ್ತಲೇ ಇರುತ್ತದೆ. ಅದರ ವೇಗ ಕುಂದುವುದರೊಳಗೆ ಮಡಕೆಗೆ ರೂಪ ಬರಬೇಕು. ಇಲ್ಲವಾದರೆ ಕೆಲಸ ನಿಲ್ಲಿಸಿ ಮತ್ತೆ ಕೋಲು ಹಿಡಿಯಬೇಕು.

ಈ ದೃಶ್ಯ ನಮ್ಮ ದಾರ್ಶನಿಕರ ಕಣ್ಣಿಗೂ ಬಿದ್ದಿತ್ತು. ಜ್ಞಾನ ದೊರೆತ ಮೇಲೂ ದೇಹ ಕೆಲಕಾಲ ಉಳಿಯುವುದೇಕೆ ಎಂಬ ಪ್ರಶ್ನೆಗೆ ಈಶ್ವರಕೃಷ್ಣನ ‘ಸಾಂಖ್ಯಕಾರಿಕೆ’ಯ 67ನೇ ಕಾರಿಕೆ ತಿರುಗುವ ಚಕ್ರವನ್ನೇ ನಿದರ್ಶನವಾಗಿ ನೀಡುತ್ತದೆ. ಶಂಕರಾಚಾರ್ಯರೂ ಬ್ರಹ್ಮಸೂತ್ರ ಭಾಷ್ಯದಲ್ಲಿ ಕುಂಬಾರನ ಚಕ್ರವನ್ನು ನೆನೆದಿದ್ದಾರೆ. ಮೊದಲೇ ದೊರೆತ ವೇಗ ತೀರುವ ತನಕ ಚಕ್ರ ನಿಲ್ಲದು ಎಂಬುದು ಅವರ ಮಾತಿನ ತಿರುಳು. ಆದರೆ ಆ ವೇಗ ತೀರಲು ಎಷ್ಟು ಹೊತ್ತು ಬೇಕು? ಪಿಯುಸಿ ವಿದ್ಯಾರ್ಥಿಗಳು ಹೆದರುವ ‘ತಿರುಗುವ ಬಿಲ್ಲೆ’ಯ ಲೆಕ್ಕ ಉತ್ತರಿಸುವುದು ಈ ಪ್ರಶ್ನೆಗೇ.

ನೇರ ದಾರಿಯಲ್ಲಿ ಓಡುವ ಗಾಡಿಯನ್ನು ನಿಲ್ಲಿಸುವುದು ಎಷ್ಟು ಕಷ್ಟ ಎಂಬುದು ಅದರ ವೇಗ ಹಾಗೂ ತೂಕವನ್ನು ಅವಲಂಬಿಸಿದೆ. ತಿರುಗುವ ವಸ್ತುವಿನಲ್ಲಿ ತೂಕದ ಜತೆಗೆ ಅದು ಎಲ್ಲಿದೆ ಎಂಬುದೂ ಮುಖ್ಯ. ನಡುವಿನಿಂದ ದೂರ ಎರಡು ಪಟ್ಟಾದರೆ ಅಲ್ಲಿರುವ ತೂಕದ ಪ್ರಭಾವ ನಾಲ್ಕು ಪಟ್ಟಾಗುತ್ತದೆ. ಕಾಲೇಜಿನಲ್ಲಿ ‘ಮೊಮೆಂಟ್ ಆಫ್ ಇನರ್ಷಿಯಾ’ ಎಂದು ಕಲಿಸುವುದು ಇದನ್ನೇ. ಭ್ರಮಣ ಜಡತ್ವ ಎನ್ನಬಹುದು. ಎಲ್ಲೆಡೆ ಒಂದೇ ದಪ್ಪವಿರುವ ಬಿಲ್ಲೆಗೆ ಇದರ ಬೆಲೆ, ದ್ರವ್ಯರಾಶಿಯನ್ನು ತ್ರಿಜ್ಯದ ವರ್ಗದಿಂದ ಗುಣಿಸಿದಾಗ ಬರುವುದರ ಅರ್ಧ.

ಒಂದು ಉದಾಹರಣೆ ನೋಡೋಣ. 40 ಕಿಲೋಗ್ರಾಂ ದ್ರವ್ಯರಾಶಿ, ಅರ್ಧ ಮೀಟರ್ ತ್ರಿಜ್ಯದ ಕಲ್ಲಿನ ಬಿಲ್ಲೆಯಿದೆ ಎನ್ನೋಣ. ತ್ರಿಜ್ಯದ ವರ್ಗ 0.25. ಅದನ್ನು 40ರಿಂದ ಗುಣಿಸಿ ಅರ್ಧ ಮಾಡಿದರೆ ಭ್ರಮಣ ಜಡತ್ವ 5. ಚಕ್ರ ನಿಮಿಷಕ್ಕೆ 90 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ಒಂದೂವರೆ ಸುತ್ತು. ಒಂದು ಸುತ್ತಿಗೆ 6.28 ರೇಡಿಯನ್, ಆದ್ದರಿಂದ ಕೋನೀಯ ವೇಗ ಸೆಕೆಂಡಿಗೆ ಸುಮಾರು 9.4 ರೇಡಿಯನ್. ಸುತ್ತುಗಳನ್ನು ರೇಡಿಯನ್‌ಗೆ ಬದಲಿಸಲು ಮರೆಯುವುದು, ತ್ರಿಜ್ಯದ ಬದಲು ವ್ಯಾಸವನ್ನು ಬಳಸುವುದು ಪರೀಕ್ಷೆಯಲ್ಲಿ ಅಂಕ ಕಳೆಯುವ ಎರಡು ಸಾಮಾನ್ಯ ತಪ್ಪುಗಳು.

ಕೆಳಗಿನ ಮೊಳೆಯ ಘರ್ಷಣೆ ಚಕ್ರವನ್ನು ಹಿಂದಕ್ಕೆಳೆಯುವ ಟಾರ್ಕ್ ಅರ್ಧ ನ್ಯೂಟನ್-ಮೀಟರ್ ಎಂದಿಟ್ಟುಕೊಂಡರೆ, ಅದನ್ನು 5ರಿಂದ ಭಾಗಿಸಬೇಕು. ಅಂದರೆ ವೇಗ ಪ್ರತಿ ಸೆಕೆಂಡಿಗೆ 0.1 ರೇಡಿಯನ್‌ನಷ್ಟು ಇಳಿಯುತ್ತದೆ. 9.4ನ್ನು 0.1ರಿಂದ ಭಾಗಿಸಿದರೆ 94 ಸೆಕೆಂಡು. ಅಷ್ಟರಲ್ಲಿ ಚಕ್ರ ಸುಮಾರು 70 ಸುತ್ತು ಸುತ್ತಿ ನಿಲ್ಲುತ್ತದೆ.

ಆದರೆ ಇದು ಬರಿದೇ ತಿರುಗುವ ಚಕ್ರದ ಮಾತು. ಮಣ್ಣಿನ ಮೇಲೆ ಕೈಯಿಟ್ಟೊಡನೆ ಲೆಕ್ಕ ಬದಲಾಗುತ್ತದೆ. ನಡುವಿನಿಂದ 10 ಸೆಂಟಿಮೀಟರ್ ದೂರದಲ್ಲಿ ಕೈಗಳು ಒಟ್ಟು 5 ನ್ಯೂಟನ್ ಬಲದಿಂದ ಮಣ್ಣನ್ನು ತಡೆದರೂ ಇನ್ನರ್ಧ ನ್ಯೂಟನ್-ಮೀಟರ್ ಸೇರಿಕೊಳ್ಳುತ್ತದೆ. 94 ಸೆಕೆಂಡಿದ್ದ ಅವಧಿ 47ಕ್ಕೆ ಇಳಿಯುತ್ತದೆ. ಮಡಕೆಯನ್ನು ರೂಪಿಸುವ ಕೈಯೇ ಚಕ್ರವನ್ನು ನಿಲ್ಲಿಸುವ ಕೈಯೂ ಹೌದು.

ಹಾಗಾದರೆ ಸಮಯ ಗಳಿಸುವುದು ಹೇಗೆ? ಚಕ್ರದ ತೂಕ ಹೆಚ್ಚಿಸಬಹುದು. ಆದರೆ ಭಾರ ಹೆಚ್ಚಿದಂತೆ ಮೊಳೆಯ ಘರ್ಷಣೆಯೂ ಹೆಚ್ಚುತ್ತದೆ. ಅದೇ ತೂಕವನ್ನು ಅಂಚಿಗೆ ಸರಿಸುವುದು ಇದಕ್ಕಿಂತ ಜಾಣತನದ ದಾರಿ. ಭಾರತದ ಹಲವೆಡೆ ಕುಂಬಾರರು ಮಾಡಿದ್ದು ಇದನ್ನೇ. ಗಾಡಿಯ ಗಾಲಿಯಂತೆ ಕಡ್ಡಿಗಳಿರುವ ಹಗುರವಾದ ಚಕ್ರ ಕಟ್ಟಿ, ಅದರ ಅಂಚಿಗೆ ನಾರು ಬೆರೆಸಿದ ಮಣ್ಣನ್ನು ದಪ್ಪನಾಗಿ ಮೆತ್ತಿದರು. 40 ಕಿಲೋಗ್ರಾಮೂ ಅಂಚಿನಲ್ಲೇ ಇದ್ದರೆ ಭ್ರಮಣ ಜಡತ್ವ 5ರ ಬದಲು 10 ಆಗುತ್ತದೆ. ಅದೇ ವೇಗ, ಅದೇ ಘರ್ಷಣೆ, ಅದೇ ಕೈ. ಆದರೆ 47 ಸೆಕೆಂಡಿನ ಬದಲು 94 ಸೆಕೆಂಡು. ಕಡ್ಡಿಗಳಿಗೂ ತೂಕವಿರುವುದರಿಂದ ನಿಜವಾದ ಚಕ್ರದ ಲಾಭ ಇದಕ್ಕಿಂತ ತುಸು ಕಡಿಮೆ.

ಈ ಲಾಭಕ್ಕೆ ಬೆಲೆಯೂ ಉಂಟು. ಜಡತ್ವ ಎರಡು ಪಟ್ಟಾದರೆ ಅದೇ ವೇಗ ಬರಿಸಲು ಕುಂಬಾರನ ತೋಳು ಎರಡು ಪಟ್ಟು ದುಡಿಯಬೇಕು. ವಿದ್ಯುತ್ ತಿಗರಿಯಲ್ಲಿ ಆ ದುಡಿಮೆಯನ್ನು ಮೋಟಾರು ವಹಿಸಿಕೊಂಡಿದೆ. ಕೋಲಿನ ತಿಗರಿಯಲ್ಲಿ ಮಾತ್ರ ತೋಳು ಮೊದಲೇ ಕೂಡಿಟ್ಟದ್ದನ್ನೇ ಬೆರಳುಗಳು ಖರ್ಚು ಮಾಡಬೇಕು.