ಗೂಗಲ್‌ನಲ್ಲಿ ಹುಡುಕಿದರೆ ನಮ್ಮ ಸಂಘದ ಅಂಗಡಿ ಸಿಗುತ್ತದೆಯೇ?



ಖಡಕ್ ರೊಟ್ಟಿ ಎಲ್ಲಿ ಸಿಗುತ್ತೆ, ಬ್ಲೌಸ್ ಯಾರು ಚೆನ್ನಾಗಿ ಹೊಲೀತಾರೆ ಅಂತ ತಿಳಿಯಬೇಕಾದರೆ ಹಿಂದೆ ಜನ ಪಕ್ಕದ ಮನೆಯವರನ್ನು ಕೇಳುತ್ತಿದ್ದರು. ಈಗ ಅದೇ ಪ್ರಶ್ನೆಯನ್ನು ಮೊಬೈಲಿಗೆ ಕೇಳುತ್ತಾರೆ. ಗೂಗಲ್ ಮೊದಲು ಎರಡು ಮೂರು ಅಂಗಡಿಗಳ ಹೆಸರು, ಫೋನ್ ನಂಬರು, ದಾರಿ ತೋರಿಸುವ ನಕ್ಷೆ ಕೊಡುತ್ತದೆ. ಅವಸರದಲ್ಲಿ ಇರುವವರು ಅದರಲ್ಲೇ ಒಬ್ಬರಿಗೆ ಫೋನ್ ಮಾಡಿಬಿಡುತ್ತಾರೆ. ನಮ್ಮ ರೊಟ್ಟಿ ಎಷ್ಟೇ ಚೆನ್ನಾಗಿರಲಿ, ಆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆರ್ಡರು ಬೇರೆಯವರ ಪಾಲು. ಸಾಲ ಮಾಡಿ ಯಂತ್ರ ತಂದ ಸಂಘಕ್ಕೆ ಇದು ಸಣ್ಣ ಮಾತಲ್ಲ. ಆರ್ಡರು ಬಂದರೂ ಬಾರದಿದ್ದರೂ ಕಂತು ಕಟ್ಟಲೇಬೇಕಲ್ಲ!

ಈ ಪಟ್ಟಿಗೆ ಸೇರಲು ವೆಬ್‌ಸೈಟ್ ಬೇಡ, ಹಣವೂ ಬೇಡ. ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂಬ ಉಚಿತ ಸೌಲಭ್ಯ ಇದೆ. 2021ರವರೆಗೆ ಇದನ್ನು ಗೂಗಲ್ ಮೈ ಬಿಸಿನೆಸ್ ಎನ್ನುತ್ತಿದ್ದರು. ಒಂದು ಜೀಮೇಲ್ ಖಾತೆ, ಒಂದು ಸ್ಮಾರ್ಟ್ ಫೋನ್ ಇದ್ದರೆ ಸಾಕು.

ಯಾರ ಹೆಸರು ಮೇಲೆ ಬರುತ್ತದೆ?

ಗೂಗಲ್ ಮುಖ್ಯವಾಗಿ ಮೂರು ವಿಷಯ ನೋಡುತ್ತದೆ.

ಒಂದು, ಹೊಂದಾಣಿಕೆ. ಹುಡುಕುವವರು ಕೇಳಿದ್ದಕ್ಕೂ ನಾವು ಮಾಡುವ ಕೆಲಸಕ್ಕೂ ತಾಳೆ ಆಗಬೇಕು.

ಎರಡು, ದೂರ. ಹುಡುಕುವವರು ನಿಂತ ಜಾಗಕ್ಕೆ ಅಂಗಡಿ ಎಷ್ಟು ಹತ್ತಿರ ಎಂಬುದು. ಇದನ್ನು ನಾವು ಬದಲಿಸಲಾಗುವುದಿಲ್ಲ.

ಮೂರು, ಹೆಸರುವಾಸಿ. ಎಷ್ಟು ಗ್ರಾಹಕರು ಅಭಿಪ್ರಾಯ ಬರೆದಿದ್ದಾರೆ, ಎಷ್ಟು ನಕ್ಷತ್ರ ಕೊಟ್ಟಿದ್ದಾರೆ, ಬೇರೆ ಕಡೆ ನಮ್ಮ ಹೆಸರು ಬಂದಿದೆಯೇ ಎಂಬುದು.

ಮೊದಲನೆಯದೂ ಮೂರನೆಯದೂ ನಮ್ಮ ಕೈಯಲ್ಲಿವೆ.

ಪ್ರೊಫೈಲ್ ತುಂಬುವುದು ಹೇಗೆ?

1. ಹೆಸರು: ಬೋರ್ಡಿನ ಮೇಲೆ, ಬಿಲ್ಲಿನ ಮೇಲೆ ಇರುವ ಹೆಸರನ್ನೇ ಹಾಕಿ. ಹೆಸರಿನ ಜೊತೆ ‘ನಂಬರ್ ಒನ್ ರೊಟ್ಟಿ, ಹುಬ್ಬಳ್ಳಿ, ಧಾರವಾಡ, ಹೋಮ್ ಡೆಲಿವರಿ’ ಅಂತ ಬಾಲ ಕಟ್ಟುವವರಿದ್ದಾರೆ. ಇದು ನಿಯಮಕ್ಕೆ ವಿರುದ್ಧ. ಪ್ರೊಫೈಲನ್ನೇ ತಡೆಹಿಡಿಯಬಹುದು.

2. ವ್ಯಾಪಾರದ ವರ್ಗ: ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ್ದು ಇಲ್ಲಿ. ಮುಖ್ಯ ವರ್ಗ ಒಂದೇ, ಅದರ ಜೊತೆ ಇನ್ನೂ 9ರವರೆಗೆ ಸೇರಿಸಬಹುದು. ಟೈಲರಿಂಗ್ ಮಾಡುವ ಸಂಘ ‘ಅಂಗಡಿ’ ಅಂತಷ್ಟೇ ಆರಿಸಿದರೆ, ‘ಟೈಲರ್’ ಅಂತ ಹುಡುಕುವವರಿಗೆ ಕಾಣುವುದು ಕಷ್ಟ. ಹಾಗಂತ ಮಾಡದ ಕೆಲಸವನ್ನೆಲ್ಲ ಸೇರಿಸಬೇಡಿ.

3. ವಿಳಾಸ: ಗ್ರಾಹಕರು ಬರುವ ಅಂಗಡಿ ಇದ್ದರೆ ನಕ್ಷೆಯಲ್ಲಿ ಗುರುತನ್ನು ಸರಿಯಾದ ಜಾಗದಲ್ಲೇ ಇಡಿ. ಮನೆಯಲ್ಲೇ ತಯಾರಿಸಿ ನೀವೇ ಮನೆಮನೆಗೆ ತಲುಪಿಸುವುದಾದರೆ ವಿಳಾಸ ಮುಚ್ಚಿಡಬೇಕು. ಯಾವ ಯಾವ ಊರು, ಬಡಾವಣೆಗೆ ಕೊಡುತ್ತೀರಿ ಎಂಬುದನ್ನು 20ರವರೆಗೆ ಬರೆಯಬಹುದು. ಹೆಣ್ಣುಮಕ್ಕಳ ಮನೆ ವಿಳಾಸ ಎಲ್ಲರಿಗೂ ಕಾಣುವಂತೆ ಇಡದಿರುವುದು ಒಳ್ಳೆಯದೂ ಹೌದು. ಆದರೆ ಗ್ರಾಹಕರ ಮುಖವನ್ನೇ ನೋಡದೆ ಬರೀ ಕೊರಿಯರ್‌ನಲ್ಲಿ ಮಾರುವ ವ್ಯಾಪಾರಕ್ಕೆ ಈ ಸೌಲಭ್ಯ ಇಲ್ಲ.

4. ಫೋನ್, ಸಮಯ: ಯಾವಾಗಲೂ ಎತ್ತುವ ನಂಬರನ್ನೇ ಕೊಡಿ. ಹಬ್ಬಕ್ಕೆ, ಜಾತ್ರೆಗೆ ಬಾಗಿಲು ಹಾಕುವುದಿದ್ದರೆ ಆ ದಿನದ ಸಮಯ ಮೊದಲೇ ಬದಲಿಸಿ. ‘ತೆರೆದಿದೆ’ ಅಂತ ನೋಡಿ ಬಂದವರು ಬೀಗ ನೋಡಿ ವಾಪಸ್ ಹೋದರೆ ಮತ್ತೆ ಬರುವುದಿಲ್ಲ.

5. ವಿವರ, ಫೋಟೋ: 750 ಅಕ್ಷರಗಳ ಒಳಗೆ ನಿಮ್ಮ ಕೆಲಸದ ಬಗ್ಗೆ ಬರೆಯಬಹುದು. ಜನ ಆಡುವ ಮಾತಿನಲ್ಲೇ ಬರೆಯಿರಿ: ಜೋಳದ ಖಡಕ್ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಹೊಲಿಗೆ ಆದರೆ ಬ್ಲೌಸ್, ಫಾಲ್, ಪಿಕೋ, ಶಾಲಾ ಸಮವಸ್ತ್ರ. ಬೇರೆಯವರ ಫೋಟೋ ಕದ್ದು ಹಾಕಬೇಡಿ. ಹಗಲು ಬೆಳಕಿನಲ್ಲಿ ನಿಮ್ಮದೇ ಮಾಲು, ಬೋರ್ಡು, ಕೆಲಸ ಮಾಡುವ ಜಾಗ ತೆಗೆದು ಹಾಕಿ.

ಇದಾದ ಮೇಲೆ ವ್ಯಾಪಾರ ನಿಜವಾಗಿ ಇದೆಯೇ ಎಂದು ಗೂಗಲ್ ಖಾತ್ರಿ ಮಾಡಿಕೊಳ್ಳುತ್ತದೆ. ಯಾವ ವಿಧಾನ ಎಂಬುದನ್ನು ಗೂಗಲ್‌ನವರೇ ನಿರ್ಧರಿಸುತ್ತಾರೆ. ಹಲವು ಸಲ ವೀಡಿಯೋ ಕೇಳುತ್ತಾರೆ. ಬೀದಿ, ಬೋರ್ಡು, ಯಂತ್ರ, ಮಾಲು, ನೀವೇ ಬೀಗ ತೆಗೆಯುವುದು, ಎಲ್ಲವನ್ನೂ ಒಂದೇ ಓಟದಲ್ಲಿ ತೋರಿಸಬೇಕು. ಉತ್ತರ ಬರಲು ಕೆಲವು ದಿನ ಹಿಡಿಯಬಹುದು, ಗಾಬರಿ ಬೇಡ.

ಗ್ರಾಹಕರ ಮಾತೇ ಬಂಡವಾಳ

ಮಾಲು ಕೊಟ್ಟ ಮೇಲೆ, ‘ಚೆನ್ನಾಗಿದ್ದರೆ ಗೂಗಲ್‌ನಲ್ಲಿ ಎರಡು ಮಾತು ಬರೀರಿ ಅಕ್ಕಾ’ ಅಂತ ಕೇಳುವುದರಲ್ಲಿ ನಾಚಿಕೆ ಏನಿಲ್ಲ. ಅಭಿಪ್ರಾಯ ಬರೆಯುವ ಲಿಂಕ್ ಮತ್ತು ಕ್ಯೂಆರ್ ಕೋಡ್ ಪ್ರೊಫೈಲ್‌ನಲ್ಲೇ ಸಿಗುತ್ತದೆ. ಅದನ್ನು ಅಚ್ಚು ಹಾಕಿಸಿ ಗಲ್ಲಾ ಪೆಟ್ಟಿಗೆ ಹತ್ತಿರ ಅಂಟಿಸಿ.

ಆದರೆ ಸಂಘದ ಸದಸ್ಯರೇ, ಮನೆಯವರೇ ಕುಳಿತು ಐದೈದು ನಕ್ಷತ್ರ ಒತ್ತುವುದು, ಅಭಿಪ್ರಾಯ ಬರೆದವರಿಗೆ ರಿಯಾಯಿತಿ ಕೊಡುವುದು ನಿಷಿದ್ಧ. ಅಂಥವನ್ನು ಗೂಗಲ್ ತೆಗೆದುಹಾಕುತ್ತದೆ. ಇಪ್ಪತ್ತು ಸುಳ್ಳು ಹೊಗಳಿಕೆಗಿಂತ ಐದು ನಿಜವಾದ ಮಾತು ಮೇಲು.

ಯಾರಾದರೂ ದೂರು ಬರೆದರೆ ಜಗಳಕ್ಕೆ ಹೋಗಬೇಡಿ. ‘ರೊಟ್ಟಿ ಮುರಿದು ಬಂದದ್ದಕ್ಕೆ ಬೇಸರವಾಯಿತು. ಮುಂದಿನ ಸಲ ಡಬ್ಬಿಯಲ್ಲಿ ಹಾಕಿ ಕೊಡುತ್ತೇವೆ, ದಯವಿಟ್ಟು ಫೋನ್ ಮಾಡಿ’ ಅಂತ ಎರಡು ಸಾಲು ಉತ್ತರ ಕೊಡಿ. ಆ ಉತ್ತರವನ್ನು ಮುಂದೆ ಬರುವ ಗ್ರಾಹಕರೂ ಓದುತ್ತಾರೆ.

ಖಾತೆ ಯಾರ ಹೆಸರಲ್ಲಿ?

ಸಾಮಾನ್ಯವಾಗಿ ಯಾರೋ ಒಬ್ಬ ಸದಸ್ಯೆಯ ಮಗನೋ ಮಗಳೋ ತಮ್ಮ ಜೀಮೇಲ್‌ನಿಂದಲೇ ಪ್ರೊಫೈಲ್ ಮಾಡಿಕೊಡುತ್ತಾರೆ. ನಾಳೆ ಅವರು ಕೆಲಸಕ್ಕೆ ಬೆಂಗಳೂರಿಗೆ ಹೋದರೆ, ನಂಬರ್ ಬದಲಾದರೆ, ಪಾಸ್‌ವರ್ಡ್ ಮರೆತರೆ? ಸಂಘ ವರ್ಷಗಟ್ಟಲೆ ಗಳಿಸಿದ ಹೆಸರು ಕೈತಪ್ಪುತ್ತದೆ. ಆದ್ದರಿಂದ ಸಂಘದ ಹೆಸರಿನಲ್ಲೇ ಜೀಮೇಲ್ ತೆರೆಯಿರಿ. ಅದೇ ಮುಖ್ಯ ಮಾಲೀಕರ ಖಾತೆ ಆಗಿರಲಿ. ಪ್ರತಿನಿಧಿಗಳಿಬ್ಬರನ್ನೂ ಮಾಲೀಕರಾಗಿ ಸೇರಿಸಬಹುದು. ಸಹಾಯ ಮಾಡುವ ಮಕ್ಕಳನ್ನು ‘ಮ್ಯಾನೇಜರ್’ ಅಂತ ಸೇರಿಸಿದರೆ ಸಾಕು. ಪ್ರತಿನಿಧಿಗಳು ಬದಲಾದಾಗ ಬ್ಯಾಂಕಿನಲ್ಲಿ ಸಹಿ ಬದಲಿಸುತ್ತೀರಲ್ಲ, ಹಾಗೆಯೇ ಇಲ್ಲೂ ಹೆಸರು ಬದಲಿಸಿ, ನಡಾವಳಿ ಪುಸ್ತಕದಲ್ಲಿ ಬರೆದಿಡಿ.

ಎಚ್ಚರಿಕೆ!

‘ನಾವು ಗೂಗಲ್‌ನವರು, ಇಷ್ಟು ಹಣ ಕಟ್ಟಿದರೆ ನಿಮ್ಮನ್ನು ಮೊದಲನೇ ಸ್ಥಾನಕ್ಕೆ ತರುತ್ತೇವೆ’ ಎಂಬ ಫೋನ್ ಬಂದರೆ ನಂಬಬೇಡಿ. ಪ್ರೊಫೈಲ್‌ಗೆ ಶುಲ್ಕ ಇಲ್ಲ. ಈ ಪಟ್ಟಿಯಲ್ಲಿ ಮೇಲಿನ ಸ್ಥಾನವನ್ನು ಹಣ ಕೊಟ್ಟು ಕೊಳ್ಳಲಾಗುವುದಿಲ್ಲ ಎಂದು ಗೂಗಲ್ ಸಂಸ್ಥೆಯೇ ಹೇಳಿದೆ. ಜಾಹೀರಾತು ಬೇರೆ. ಅದಕ್ಕೆ ಹಣ ಕಟ್ಟಬೇಕು, ಅದು ಜಾಹೀರಾತು ಎಂಬ ಗುರುತೂ ಇರುತ್ತದೆ. ಓಟಿಪಿಯನ್ನು ಯಾರಿಗೂ ಹೇಳಬೇಡಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ.

ಪ್ರೊಫೈಲ್ ಮಾಡಿದ ಮರುದಿನವೇ ಆರ್ಡರು ಸುರಿಯುವುದಿಲ್ಲ. ಉಳಿತಾಯದ ಹಾಗೆ ವಾರವಾರವೂ ಸ್ವಲ್ಪ ಸ್ವಲ್ಪ ಗಮನ ಕೊಟ್ಟರೆ ಬೆಳೆಯುತ್ತದೆ.

ಮುಂದಿನ ವಾರದ ಸಭೆಯಲ್ಲಿ ಚರ್ಚಿಸಿ

* ನಮ್ಮ ಊರಿನ ಹೆಸರಿನ ಜೊತೆ ನಾವು ಮಾಡುವ ಕೆಲಸವನ್ನು ಹುಡುಕಿ ನೋಡಿ. ಯಾರ ಹೆಸರು ಬಂತು?
* ನಮ್ಮ ಪ್ರೊಫೈಲ್ ಈಗಾಗಲೇ ಇದ್ದರೆ ಅದು ಯಾರ ಜೀಮೇಲ್‌ನಲ್ಲಿದೆ? ಫೋನ್, ಸಮಯ ಸರಿ ಇವೆಯೇ?
* ವಾರಕ್ಕೊಮ್ಮೆ ಅಭಿಪ್ರಾಯ ಓದಿ ಉತ್ತರ ಕೊಡುವ ಜವಾಬ್ದಾರಿ ಯಾರದು?